ಬಳ್ಳಾರಿ ರಸ್ತೆಯಿಂದ ಕಂಡ ಅಮೆರಿಕ

ಮೇಖ್ರಿ ವೃತ್ತದಿಂದ ಹೊರಟು, ಗಂಗಾನಗರ, ಹೆಬ್ಬಾಳ, ಬ್ಯಾಟರಾಯನಪುರ, ಯಲಹಂಕಗಳನ್ನು ಹಾದು ದೇವನಹಳ್ಳಿಯ ಕಡೆಗೆ ಸಾಗುವ ಬಳ್ಳಾರಿ ರಸ್ತೆಯನ್ನು, 2008ರಲ್ಲಿ ಅಲ್ಲಿ ವಿಮಾನನಿಲ್ದಾಣ ತೆರೆದಂದಿನಿಂದ, ಉತ್ತರ ಬೆಂಗಳೂರಿನ ಜನ ಅಮೆರಿಕಕ್ಕೆ ಹೋಗುವ ದಾರಿಯೆಂದೇ ಬಗೆದಿದ್ದಾರೆ. ಆದರೆ ಅಮೆರಿಕ ನಮ್ಮಲ್ಲಿಗೆ ಬಂದ ದಾರಿಯೂ ಇದೇ ಎಂಬುದು ಬಹುಮಂದಿಯ ಲಕ್ಷ್ಯಕ್ಕೆ ಬಂದಿರಲಾರದು. ಇಲ್ಲಿಯ ನಿವಾಸಿಗಳನ್ನು ಅಮೆರಿಕದ ಸಮಾಜದ ವಿಷಯವಾಗಿ ಪ್ರಶ್ನಿಸಿದರೆ ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ತಾಳೆಯಾಗುವುದಿಲ್ಲ. ಒಬ್ಬರಿಗೆ ಅದು ಉದಾರಿ, ಒಬ್ಬರಿಗೆ ಲೋಭಿ, ಮತ್ತೊಬ್ಬರಿಗೆ ಸಮಾನತೆಯ ಗುರು, ಮಗದೊಬ್ಬರಿಗೆ ದರ್ಪದ ಪ್ರಭು. ಇದನ್ನು ಕೇವಲ ಅಭಿರುಚಿಭೇದವೆಂದು ತಳ್ಳಿಹಾಕುವುದು ಸರಿಯಲ್ಲ. ಒಂದೇ ಅಮೆರಿಕವನ್ನು ಜನ ನಾನಾ ಬಗೆಯಾಗಿ ಕಾಣುತ್ತಿದ್ದಾರೆ ಎಂಬುದಕ್ಕಿಂತ, ನಾನಾ ಅಮೆರಿಕಗಳು ನಾನಾ ಜನರ ಮನೆಬಾಗಿಲಿಗೆ ಬಂದಿವೆ ಎನ್ನುವುದೇ ಹೆಚ್ಚು ನಿಜ.

ಇವುಗಳಲ್ಲಿ ಹಿರಿಯರ ನೆನಪಿಗೆ ಮೊದಲು ಬರುವುದು ಉಪ್ಪಿಟ್ಟಿನ ಅಮೆರಿಕ. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಮೈಸೂರು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಓದಿದವರು, ಕೇರ್ ಎಂಬ ಅಮೆರಿಕದ ನೆರವಿನ ಸಂಸ್ಥೆಯ ಮೂಲಕ ಬಂದ ಒಡೆದ ಗೋಧಿಯ ಉಪ್ಪಿಟ್ಟನ್ನೂ ಪುಡಿಯಿಂದ ಕಲಸಿದ ಹಾಲನ್ನೂ ಇಂದಿಗೂ ಮರೆತಿಲ್ಲ. ಶಾಲೆಯ ಮೂಲೆಯಲ್ಲಿ ಪೇರಿಸಿಟ್ಟ ಮೂಟೆಗಳ ಮೇಲೆ, ಎಣ್ಣೆಯ ತಗಡಿನ ಡಬ್ಬಗಳ ಮೇಲೆ, ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರವಿರುತ್ತಿತ್ತು. ಅದರ ಬಳಿಯಲ್ಲಿ, ಇದು ಅಮೆರಿಕದ ಜನರ ಕೊಡುಗೆಯೆಂದೂ ಮಾರತಕ್ಕದ್ದಲ್ಲವೆಂದೂ ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಓದಲಾರದ ಮಕ್ಕಳೂ ಆ ಕೈಗಳನ್ನು ಗುರುತು ಹಿಡಿಯುತ್ತಿದ್ದರು. ಆ ಧಾನ್ಯದ ಹಿಂದೆ 1954ರ ಪಿ.ಎಲ್. 480 ಎಂಬ ಕಾಯಿದೆ ಇದ್ದಿತೆಂಬುದೂ, ಆ ಕಾಯಿದೆಗೆ ಹಸಿದವರ ಮೇಲಿನ ಕರುಣೆಯಷ್ಟೇ ಅಲ್ಲದೆ ಅಮೆರಿಕದ ರೈತರ ಕಣಜದಲ್ಲಿ ಮಿಕ್ಕ ದವಸಕ್ಕೆ ವಿಲೇವಾರಿ ಕಾಣಿಸುವ ಉದ್ದೇಶವೂ ಇದ್ದಿತೆಂಬುದೂ ಅವರಿಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ತಿಳಿದ ಮೇಲೂ ಅವರು ಅಮೆರಿಕದ ವಿಷಯದಲ್ಲಿ ಕಟುವಾಗಿ ಮಾತನಾಡುವುದು ಅಪರೂಪ. ಹಸಿವಿನ ಹೊತ್ತಿಗೆ ಒದಗಿದ ಅನ್ನಕ್ಕೆ ಲೆಕ್ಕಾಚಾರದ ಮೂಲ ಹುಡುಕುವುದು ನಮ್ಮ ಹಿರಿಯರ ಸ್ವಭಾವವಲ್ಲ.

ಹೆಬ್ಬಾಳಕ್ಕೆ ಬಂದ ಅಮೆರಿಕ ಇನ್ನೊಂದು ಬಗೆಯದು. 1862ರಲ್ಲಿ, ಅಂತರ್ಯುದ್ಧದ ನಡುವೆಯೇ, ಅಬ್ರಹಾಂ ಲಿಂಕನ್ ಅಂಕಿತ ಹಾಕಿದ ಮೊರಿಲ್ ಕಾಯಿದೆ, ಸರ್ಕಾರದ ಭೂಮಿಯನ್ನು ರಾಜ್ಯಗಳಿಗೆ ಕೊಟ್ಟು, ಅದರ ಹುಟ್ಟುವಳಿಯಿಂದ ಕೃಷಿಯನ್ನೂ ಯಂತ್ರವಿದ್ಯೆಯನ್ನೂ ಸಾಮಾನ್ಯರ ಮಕ್ಕಳಿಗೆ ಕಲಿಸುವ ಕಾಲೇಜುಗಳನ್ನು ಕಟ್ಟಿಸಿತು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸಂಸ್ಥೆಯ ಹೊಣೆಯಾಗಬೇಕೆಂಬ, ಅಲ್ಲಿ ಕಾಲಕ್ರಮದಲ್ಲಿ ಬೆಳೆದು ನಿಂತ ಆ ತತ್ತ್ವವೇ 1964ರಲ್ಲಿ ಸ್ಥಾಪಿತವಾದ ನಮ್ಮ ಕೃಷಿ ವಿಶ್ವವಿದ್ಯಾನಿಲಯಕ್ಕೆ ಮಾದರಿಯಾಯಿತು. ಟೆನೆಸಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಅಮೆರಿಕ ಸರ್ಕಾರದ ನೆರವಿನ ಒಪ್ಪಂದದ ಮೇರೆಗೆ ಇಲ್ಲಿಗೆ ಬಂದು ದುಡಿದರು, ಇಲ್ಲಿಯವರು ಅಲ್ಲಿಗೆ ಹೋಗಿ ಕಲಿತು ಬಂದರು. ಆ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದ ಕೃಷಿಮೇಳಕ್ಕೆ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರುಗಳಿಂದ ಬಂದು, ಹೊಸ ತಳಿಯ ರಾಗಿಯ ಮುಂದೆ ನಿಂತು ವಿಜ್ಞಾನಿಯನ್ನು ಮುಲಾಜಿಲ್ಲದೆ ಪ್ರಶ್ನಿಸುವ ರೈತನಿಗೆ, ಅಂತಹ ಪ್ರಶ್ನೆಗೆ ಉತ್ತರಿಸುವುದು ವಿಶ್ವವಿದ್ಯಾನಿಲಯದ ಕರ್ತವ್ಯವೆಂಬ ಭಾವನೆಯ ಹಿಂದೆ ದೂರದ ಒಂದು ಶಾಸನವೂ ಇದೆಯೆಂದು ತಿಳಿದಿರಬೇಕಾದ ಅಗತ್ಯವಿಲ್ಲ. ಅದೇ ಹೆಬ್ಬಾಳದಲ್ಲಿ, ವರ್ಜೀನಿಯದ ರಿಚ್ಮಂಡಿನಲ್ಲಿ ನೆಲೆಸಿದ ಸದರ್ನ್ ಬ್ಯಾಪ್ಟಿಸ್ಟರ ಮಿಷನ್ ಮಂಡಳಿ 1973ರಲ್ಲಿ ಬ್ಯಾಪ್ಟಿಸ್ಟ್ ಆಸ್ಪತ್ರೆಯನ್ನು ತೆರೆಯಿತು. ಅಮೆರಿಕದ ಶಸ್ತ್ರವೈದ್ಯೆ ರೆಬೆಕಾ ನೇಲರ್ ದಶಕಗಳ ಕಾಲ ಅಲ್ಲಿ ಸೇವೆ ಸಲ್ಲಿಸಿದರು. 1989ರಲ್ಲಿ ಆಡಳಿತದ ಹೊಣೆ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದಿತು. ಅಲ್ಲಿ ಹೆರಿಗೆಯಾದ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳಿಗೆ ಅಮೆರಿಕವೆಂದರೆ ಧರ್ಮಶ್ರದ್ಧೆಯುಳ್ಳವರ ನಾಡು. ಸಿನಿಮಾ ನೋಡಿ ಅಮೆರಿಕವನ್ನು ಭೋಗಭೂಮಿಯೆಂದು ತೀರ್ಮಾನಿಸಿದವರಿಗೆ ಈ ಮಾತು ವಿಚಿತ್ರವಾಗಿ ಕೇಳಿಸೀತು. ಆದರೆ ಎರಡೂ ಅಲ್ಲಿ ಉಂಟು.

ರೈತಸಮುದಾಯದಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯದ ಈ ಅಮೆರಿಕಕ್ಕೆ ಪ್ರತಿಯಾದ ನೋಟವೂ ಬೆಳೆದದ್ದು ಆಶ್ಚರ್ಯವಲ್ಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರಾಜ್ಯ ರೈತ ಸಂಘದವರು 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಬೀದಿಗೆ ತಂದು ಸುಟ್ಟದ್ದೂ, 1996ರ ಜನವರಿ 30ರಂದು ಕೆಂಟಕಿ ಚಿಕನ್ ಅಂಗಡಿಯ ಮೇಲೆ ದಾಳಿ ನಡೆಸಿದ್ದೂ ಜಗತ್ತಿನಾದ್ಯಂತ ಸುದ್ದಿಯಾದುವು. ಇವರು ಕಂಡ ಅಮೆರಿಕ ಜ್ಞಾನವನ್ನು ಹಂಚಿದ ವಿಶ್ವವಿದ್ಯಾನಿಲಯದ್ದಲ್ಲ, ಬೀಜಕ್ಕೆ ಹಕ್ಕುಪತ್ರ ಬರೆಸಿಕೊಳ್ಳಹೊರಟ ವ್ಯಾಪಾರದ್ದು. ಹೆಬ್ಬಾಳದ ಕೊಡುಗೆಯನ್ನು ನೆನೆಯುವವನೂ ಕಾರ್ಗಿಲ್ಲಿನ ಕಡತಕ್ಕೆ ಬೆಂಕಿಯಿಟ್ಟವನೂ ಒಂದೇ ಊರಿನ ನೆಂಟರಾಗಿರಬಹುದು, ಇಬ್ಬರದೂ ಸುಳ್ಳಲ್ಲ.

ಯಶವಂತಪುರದ ಬಳಿಯ ಹರೇಕೃಷ್ಣ ಗಿರಿಗೆ ಬಂದರೆ ಕಥೆ ತಿರುವುಮುರುವಾಗುತ್ತದೆ. 1965ರಲ್ಲಿ, ಎಪ್ಪತ್ತರ ಹತ್ತಿರ ಹತ್ತಿರದ ವಯಸ್ಸಿನಲ್ಲಿ, ಸರಕಿನ ಹಡಗೊಂದನ್ನೇರಿ ಅಮೆರಿಕಕ್ಕೆ ಹೋದ ಬಂಗಾಳದ ಭಕ್ತಿವೇದಾಂತ ಸ್ವಾಮಿ ಪ್ರಭುಪಾದರು ಮರುವರ್ಷ ನ್ಯೂಯಾರ್ಕಿನಲ್ಲಿ ಕೃಷ್ಣಭಕ್ತಿಯ ಸಂಸ್ಥೆಯಾದ ಇಸ್ಕಾನ್ ಸ್ಥಾಪಿಸಿದಾಗ, ಅವರ ಮಾತಿಗೆ ಮೊದಲು ಕಿವಿಗೊಟ್ಟವರು ಸಂಪತ್ತಿನಿಂದಲೂ ಯುದ್ಧದಿಂದಲೂ ಬೇಸತ್ತಿದ್ದ ಅಲ್ಲಿಯ ತರುಣರು. ಹೀಗೆ ಸಾಗರದಾಚೆ ಬೆಳೆದ ಸಂಸ್ಥೆಯ ದೇವಾಲಯ 1997ರಲ್ಲಿ ರಾಷ್ಟ್ರಪತಿ ಶಂಕರದಯಾಳ್ ಶರ್ಮರಿಂದ ಇಲ್ಲಿ ಉದ್ಘಾಟನೆಗೊಂಡಿತು. ವೈಕುಂಠ ಏಕಾದಶಿಯಂದು ಅಲ್ಲಿ ಸಾಲು ನಿಲ್ಲುವ ಭಕ್ತರಿಗೆ, ತಮ್ಮ ಧರ್ಮವನ್ನು ಅಮೆರಿಕದವರೂ ಒಪ್ಪಿದರೆಂಬ ಅಭಿಮಾನ ಸಹಜವೇ. ಇಲ್ಲಿಂದಲೇ 2000ದಲ್ಲಿ ಆರಂಭವಾದ ಅಕ್ಷಯಪಾತ್ರೆಯ ಶಾಲಾ ಬಿಸಿಯೂಟಕ್ಕೆ ಅಮೆರಿಕದಲ್ಲಿ ನೆಲೆಸಿದ ಭಾರತೀಯರೂ ಹಣ ಕೂಡಿಸಿ ಕಳಿಸುತ್ತಾರೆ. ಒಂದು ತಲೆಮಾರು ಶಾಲೆಯಲ್ಲಿ ಅಮೆರಿಕದ ಗೋಧಿ ಉಂಡಿತು. ಈಗಿನ ತಲೆಮಾರಿನ ಮಕ್ಕಳ ಅನ್ನಸಾರಿಗೆ ಅಮೆರಿಕಕ್ಕೆ ಹೋದವರು ಕಾಸು ಕೊಡುತ್ತಾರೆ.

ನಾಗವಾರದ ಮಾನ್ಯತಾ ಟೆಕ್ ಪಾರ್ಕಿನ ನೌಕರರಿಗೆ ಅಮೆರಿಕ ಒಂದು ದೇಶವೆನ್ನುವುದಕ್ಕಿಂತ ಒಂದು ವೇಳಾಪಟ್ಟಿ. ನವೆಂಬರಿನಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟರೆ, ಇಲ್ಲಿ ಎಂಟೂವರೆಗೆ ನಡೆಯುತ್ತಿದ್ದ ಮೀಟಿಂಗ್ ಒಂಬತ್ತೂವರೆಗೆ ಸರಿಯುತ್ತದೆ. ಮನೆಯ ಊಟದ ಹೊತ್ತೂ ಮಗುವನ್ನು ಮಲಗಿಸುವ ಹೊತ್ತೂ ಅದರೊಡನೆ ಸರಿಯುತ್ತವೆ. ಮೇಲಧಿಕಾರಿಯನ್ನು ಹೆಸರು ಹಿಡಿದು ಕರೆಯುವ, ಎಳೆಯನ ಆಕ್ಷೇಪಣೆಯನ್ನೂ ಕೇಳಿಸಿಕೊಳ್ಳುವ ಅಲ್ಲಿಯ ರೀತಿಯನ್ನು ಇವರು ಮನಸಾರೆ ಮೆಚ್ಚುತ್ತಾರೆ. ಹತ್ತು ವರ್ಷ ದುಡಿದವನನ್ನು ಒಂದು ಇಮೇಲಿನಲ್ಲಿ ಕೈಬಿಡುವ ರೀತಿಗೆ ನಡುಗುತ್ತಾರೆ. ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ನೋಡಲು ನೆರೆಯುವ ಜನರಿಗಾದರೋ, 2025ರಲ್ಲಿ ಅಮೆರಿಕದ ಎಫ್-35 ರಷ್ಯದ ಸುಖೋಯ್-57ರೊಡನೆ ಒಂದೇ ಪ್ರದರ್ಶನದಲ್ಲಿ ಕಾಣಿಸಿಕೊಂಡಾಗ, ಅಮೆರಿಕ ಬರಿಯ ಬಲವಾಗಿ, ಕಿವಿಗಡಚಿಕ್ಕುವ ಸದ್ದಾಗಿ ತೋರಿತು.

ಇನ್ನು ಸಹಕಾರನಗರ, ಯಲಹಂಕ ಉಪನಗರಗಳ ನಿವೃತ್ತ ದಂಪತಿಗಳ ಅಮೆರಿಕವೊಂದುಂಟು. ಅದು ಆರು ತಿಂಗಳ ಅಮೆರಿಕ. ಮಗಳ ಅಥವಾ ಸೊಸೆಯ ಬಾಣಂತನಕ್ಕೆಂದು ಹೊರಟವರ ಮನೆಯಲ್ಲಿ, ಇಪ್ಪತ್ತಮೂರು ಕಿಲೋ ಮೀರಬಾರದ ಪೆಟ್ಟಿಗೆಯನ್ನು ತೂಗುವುದು, ಅಂಟಿನುಂಡೆಯನ್ನು ಉಳಿಸಿಕೊಂಡು ಸೀರೆಯನ್ನು ತೆಗೆಯುವುದು, ಸಾರಿನ ಪುಡಿಯ ಪೊಟ್ಟಣಕ್ಕೆ ಮತ್ತೊಂದು ಸುತ್ತು ಟೇಪು ಅಂಟಿಸುವುದು, ಇವೆಲ್ಲ ಒಂದು ವ್ರತದಂತೆ ನಡೆಯುತ್ತವೆ. ಅಲ್ಲಿಂದ ಬಂದು ಅವರು ಹೇಳುವ ಮಾತುಗಳಲ್ಲಿ ಸೂಕ್ಷ್ಮವಾದ ಸಮಾಜಶಾಸ್ತ್ರವಿರುತ್ತದೆ: ಎದುರಾದ ಅಪರಿಚಿತರು ನಕ್ಕು ಮಾತನಾಡಿಸುತ್ತಾರೆ, ಆದರೆ ಪಕ್ಕದ ಮನೆಯವರ ಹೆಸರು ಗೊತ್ತಾಗುವುದಿಲ್ಲ, ಊರಿನ ಗ್ರಂಥಾಲಯ ದೇವಸ್ಥಾನದಷ್ಟು ಶುದ್ಧ, ಆದರೆ ಕಾರಿಲ್ಲದೆ ಅಲ್ಲಿಗೆ ಹೋಗಲಾಗದು, ಯಾವ ಕೆಲಸವೂ ಕೀಳಲ್ಲ, ಆದರೆ ಹಲ್ಲುನೋವಿಗೆ ವೈದ್ಯರಲ್ಲಿಗೆ ಹೋಗಲು ಅಂಜಬೇಕು, ಮುದುಕರು ಒಬ್ಬರೇ ಇರುತ್ತಾರೆ, ಆದರೆ ಮರ್ಯಾದೆಯಿಂದ ಇರುತ್ತಾರೆ. ಈ ಬಗೆಯ ನೋಟಕ್ಕೆ ಕನ್ನಡದಲ್ಲಿ ಒಳ್ಳೆಯ ಪರಂಪರೆಯೇ ಇದೆ. ಬಿ.ಜಿ.ಎಲ್. ಸ್ವಾಮಿ ‘ಅಮೆರಿಕದಲ್ಲಿ ನಾನು’ ಬರೆದರು, ಎ.ಎನ್. ಮೂರ್ತಿರಾಯರು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಬರೆದರು. ‘ಅಮೆರಿಕದಲ್ಲಿ ಗೊರೂರು’ ಗ್ರಂಥಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಆರ್.ಟಿ. ನಗರದ ಮುಸ್ಲಿಂ ಕುಟುಂಬಗಳಲ್ಲಿ ಇದೇ ಮಾತು ಬೇರೆ ಸ್ಥಾಯಿಯಲ್ಲಿ ಕೇಳಿಬರುತ್ತದೆ. 2001ರ ಸೆಪ್ಟೆಂಬರಿನ ನಂತರ ವಿಮಾನನಿಲ್ದಾಣದಲ್ಲಿ ಹೆಸರು ನೋಡಿ ಬದಿಗೆ ನಿಲ್ಲಿಸಿದ ಅನುಭವ, 2003ರ ಇರಾಕ್ ಯುದ್ಧ, 2017ರಲ್ಲಿ ಕೆಲವು ಮುಸ್ಲಿಂ ರಾಷ್ಟ್ರಗಳ ಪ್ರಜೆಗಳಿಗೆ ವಿಧಿಸಿದ ಪ್ರವೇಶ ನಿಷೇಧ, ಇವು ಮರೆಯುವಂಥವಲ್ಲ. ಆದರೆ ಆ ನಿಷೇಧದ ದಿನಗಳಲ್ಲಿಯೇ ವಕೀಲರು ವಿಮಾನನಿಲ್ದಾಣಗಳ ನೆಲದ ಮೇಲೆ ಕುಳಿತು ಅರ್ಜಿ ಬರೆದುಕೊಟ್ಟದ್ದನ್ನೂ, 2025ರ ನವೆಂಬರಿನಲ್ಲಿ ಭಾರತೀಯ ಮೂಲದ ಜೊಹ್ರಾನ್ ಮಮ್ದಾನಿಯನ್ನು ನ್ಯೂಯಾರ್ಕ್ ತನ್ನ ಮೇಯರನನ್ನಾಗಿ ಆರಿಸಿದ್ದನ್ನೂ ಇದೇ ಜನ ಕಂಡಿದ್ದಾರೆ. ಸರ್ಕಾರದ ಅಮೆರಿಕ ಬೇರೆ, ನಾಗರಿಕರ ಅಮೆರಿಕ ಬೇರೆ ಎಂಬ ವಿವೇಚನೆ ಇವರಲ್ಲಿ ಪೆಟ್ಟಿನಿಂದ ಹುಟ್ಟಿದ್ದು.

ದಲಿತ ಚಿಂತಕರ ದೃಷ್ಟಿ ಇನ್ನೂ ಮೊನಚಾದುದು. 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಕೊಲಂಬಿಯ ವಿಶ್ವವಿದ್ಯಾನಿಲಯ ಸೇರಿದ ಅಂಬೇಡ್ಕರರಿಗೆ ಸಹಪಂಕ್ತಿಯ ಸಮಾನತೆ ಮೊದಲು ದೊರೆತದ್ದು ಅಲ್ಲಿ. ಆ ದಿನಗಳಲ್ಲಿ ಕಪ್ಪು ಜನರಿಗೆ ಆ ಸಮಾನತೆ ಇರಲಿಲ್ಲವೆಂಬುದೂ ಅಷ್ಟೇ ನಿಜ. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್ ತನ್ನ ಹೆಸರನ್ನು ಪಡೆದದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರುಗಳಿಂದ. ಅಮೆರಿಕದ ಅನ್ಯಾಯವನ್ನು ಖಂಡಿಸುವ ಭಾಷೆಯೂ ಅಮೆರಿಕದಲ್ಲಿಯೇ ಸಿದ್ಧವಾಯಿತು ಎಂಬುದು ಆ ಸಮಾಜದ ವೈಲಕ್ಷಣ್ಯ. ಅತ್ತ ನಾವು ಅಲ್ಲಿಗೆ ಕೊಂಡೊಯ್ದದ್ದೇನು? 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿಭೇದವನ್ನು ಕಾನೂನಿನಿಂದ ನಿಷೇಧಿಸಬೇಕಾಯಿತು. ಕ್ಯಾಲಿಫೋರ್ನಿಯದ ಶಾಸಕಾಂಗ ಅಂಗೀಕರಿಸಿದ ಇಂಥದೇ ಮಸೂದೆಗೆ ಅದೇ ವರ್ಷ ಅಲ್ಲಿಯ ಗವರ್ನರ್ ಅಂಕಿತ ಹಾಕಲಿಲ್ಲ. ಅನಿವಾಸಿ ಭಾರತೀಯರೇ ಎರಡು ಪಕ್ಷವಾಗಿ ವಾದಿಸಿದರು.

ಈಚಿನ ದಿನಗಳಲ್ಲಿ ಈ ಎಲ್ಲ ನೋಟಗಳ ಮೇಲೂ ಆತಂಕದ ನೆರಳು ಬಿದ್ದಿದೆ. ಹೊಸ ಎಚ್-1ಬಿ ಉದ್ಯೋಗವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕವೆಂದು 2025ರ ಸೆಪ್ಟೆಂಬರಿನಲ್ಲಿ ಹೊರಟ ಆಜ್ಞೆ ಇಲ್ಲಿಯ ಎಷ್ಟೋ ಮನೆಗಳ ನಿದ್ದೆ ಕೆಡಿಸಿತು. ಯಾವ ದೇಶದವರಿಗೂ ಉದ್ಯೋಗದ ಆಧಾರದ ಮೇಲೆ ಕೊಡುವ ವರ್ಷದ ಗ್ರೀನ್ ಕಾರ್ಡುಗಳಲ್ಲಿ ಶೇ. 7ಕ್ಕಿಂತ ಹೆಚ್ಚು ಪಾಲಿಲ್ಲವೆಂಬ ಹಳೆಯ ನಿಯಮದಿಂದ ಸರದಿ ಬೆಳೆದು, ಅಲ್ಲಿಯೇ ಬೆಳೆದ ಮಕ್ಕಳು ಇಪ್ಪತ್ತೊಂದು ತುಂಬಿದೊಡನೆ ತಂದೆತಾಯಿಗಳ ಅರ್ಜಿಯಿಂದ ಹೊರಬೀಳುವ ಸಂಕಟ ಬೇರೆ. ತೆರಿಗೆ ಕಟ್ಟಿ, ಮನೆ ಕೊಂಡು, ಇಪ್ಪತ್ತು ವರ್ಷ ಬಾಳಿದ ಮೇಲೂ ಹೊರಗಿನವರೆನಿಸಿಕೊಳ್ಳುವುದು ಯಾವ ನ್ಯಾಯವೆಂದು ಹೆತ್ತವರು ಕೇಳುತ್ತಾರೆ. ಪ್ರಶ್ನೆ ಯುಕ್ತವಾದದ್ದೇ.

ಯುಕ್ತವಾದ ಪ್ರಶ್ನೆಗೆ ಒಂದು ಕಡ್ಡಾಯವುಂಟು. ಅದನ್ನು ಕೇಳಿದವನೂ ಅದಕ್ಕೆ ಉತ್ತರಿಸಬೇಕು. 2016ರ ಜನವರಿಯ ಕೊನೆಯಲ್ಲಿ, ಇದೇ ಉತ್ತರ ಬೆಂಗಳೂರಿನ ಸೋಲದೇವನಹಳ್ಳಿಯ ಕಡೆ, ಸೂಡಾನಿನ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಕ್ಕಿ ಮಹಿಳೆಯೊಬ್ಬರು ಸತ್ತರೆಂದು, ಆ ಅಪಘಾತಕ್ಕೆ ಏನೇನೂ ಸಂಬಂಧವಿಲ್ಲದ ತಾಂಜಾನಿಯದ ವಿದ್ಯಾರ್ಥಿನಿಯನ್ನು ಗುಂಪೊಂದು ಎಳೆದು ಥಳಿಸಿತು. ಅವಳ ಮೈಬಣ್ಣವೇ ಅವಳ ಅಪರಾಧವಾಗಿತ್ತು. ಮರುವರ್ಷ ಕ್ಯಾನ್ಸಸ್ ರಾಜ್ಯದ ಒಲೇತಿನಲ್ಲಿ ತೆಲುಗು ಎಂಜಿನಿಯರೊಬ್ಬನನ್ನು ಗುಂಡಿಕ್ಕಿ ಕೊಂದಾಗ ನಾವು ಅಮೆರಿಕದ ವರ್ಣದ್ವೇಷವನ್ನು ಉಗ್ರವಾಗಿ ಖಂಡಿಸಿದೆವು. ಆ ಗುಂಡಿಗೆ ಅಡ್ಡ ಹೋಗಿ ಗಾಯಗೊಂಡ ಅಮೆರಿಕನ್ನನನ್ನೂ ಕೊಂಡಾಡಿದೆವು. ಸೋಲದೇವನಹಳ್ಳಿಯ ಹೆಸರನ್ನು ಆಗ ಎತ್ತಿದವರು ವಿರಳ. ಒಡಿಶಾದಿಂದ ಬಂದ ಗಾರೆಯವನೂ, ಮಣಿಪುರದಿಂದ ಬಂದ ನರ್ಸೂ, ನೇಪಾಳದಿಂದ ಬಂದ ಕಾವಲುಗಾರನೂ ಈ ಬಡಾವಣೆಗಳಲ್ಲಿ ಬಾಡಿಗೆಮನೆ ಕೇಳುವಾಗ, ನಾವು ಅಮೆರಿಕದ ಕಾನ್ಸುಲೇಟಿನ ಕಿಟಕಿಯ ಮುಂದೆ ಅರ್ಜಿ ಹಿಡಿದು ನಿಲ್ಲುವಂತೆಯೇ ಅವರು ನಮ್ಮ ಮುಂದೆ ನಿಲ್ಲುತ್ತಾರೆ. ಅಮೆರಿಕದಿಂದ ನಾವು ಬಯಸುವ ನ್ಯಾಯ ಯಾವುದೆಂಬುದು ನಮಗೆ ಸ್ಪಷ್ಟವಾಗಿ ತಿಳಿದಿದೆ. ಅದನ್ನು ಕೊಡುವುದಕ್ಕೆ ವಾಷಿಂಗ್ಟನ್ನಿನ ಅಪ್ಪಣೆಗೆ ಕಾಯಬೇಕಾಗಿಲ್ಲ, ಯಲಹಂಕದಲ್ಲಿಯೇ ತೊಡಗಬಹುದು.