ಕಾಫಿ ಕಣಕ್ಕೆ ಮೊಳೆ ಹೊಡೆಯದ ಪ್ಲಾಸ್ಟಿಕ್ ಕಮಾನು ಚಪ್ಪರ

ಕಾಫಿ ಕುಯ್ಲು ಮುಗಿದರೆ ಸಾಲದು. ಕಣದಲ್ಲಿ ಒಣಗಿ ಚೀಲ ಸೇರಿದಾಗಲೇ ಬೆಳೆ ಕೈಸೇರಿದಂತೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗಗಳಲ್ಲಿ ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿಯವರೆಗೂ, ರೋಬಸ್ಟಾ ಕುಯ್ಲು ಅದರ ಬೆನ್ನಿಗೂ ನಡೆಯುತ್ತದೆ. ಬಿಸಿಲನ್ನೇ ನಂಬಿದ್ದ ಬೆಳೆಗಾರರಿಗೆ 2021ರ ಜನವರಿಯಲ್ಲಿ ಹಾಗೂ ಅದೇ ವರ್ಷದ ನವೆಂಬರ್‌ನಲ್ಲಿ ಸುರಿದ ಅಕಾಲಿಕ ಮಳೆ ನೆನಪಿರಬಹುದು.

ಅರ್ಧ ಒಣಗಿದ ಕಾಫಿ ಮತ್ತೆ ನೆನೆದರೆ ಬೂಷ್ಟು ಹಿಡಿದು ರುಚಿ ಕೆಡುತ್ತದೆ. ಕೆಲವು ಬೂಷ್ಟುಗಳು ಆಕ್ರಟಾಕ್ಸಿನ್ ಎಂಬ ವಿಷವನ್ನೂ ಉಂಟುಮಾಡುತ್ತವೆ. ಐರೋಪ್ಯ ಒಕ್ಕೂಟವು 2023ರಿಂದ ಹುರಿದ ಕಾಫಿಯಲ್ಲಿ ಇದರ ಮಿತಿಯನ್ನು ಕಿಲೋಗೆ 5 ರಿಂದ 3 ಮೈಕ್ರೋಗ್ರಾಂಗೆ ಇಳಿಸಿದೆ.

ಸಿಮೆಂಟ್ ಕಣದ ಮೇಲೆ ಪ್ಲಾಸ್ಟಿಕ್ ಚಪ್ಪರ ಹಾಕಿದರೆ ಈ ನಷ್ಟ ತಪ್ಪಿಸಬಹುದು. ಆದರೆ ಕಂಬಕ್ಕಾಗಿ ಕಣವನ್ನು ಕೊರೆಯಬಾರದು. ಕೊರೆದ ತೂತಿನಲ್ಲಿ ನೀರು ನಿಂತು ಕಣ ಬಿರುಕು ಬಿಡುತ್ತದೆ, ಸಿಮೆಂಟಿನ ಚೂರು ಕಾಫಿಗೆ ಸೇರುತ್ತದೆ. ಮೊಳೆಯ ಕೆಲಸವನ್ನು ಭಾರದಿಂದ ಮಾಡಿಸುವುದೇ ಜಾಣತನ.

ಚೌಕಟ್ಟು

3 ಮೀ. ಅಗಲ, 6 ಮೀ. ಉದ್ದದ ಚಪ್ಪರ ಸಣ್ಣ ಬೆಳೆಗಾರರಿಗೆ ಅನುಕೂಲ. 6 ಮೀ. ಉದ್ದದ ಎರಡು ಜಿ.ಐ. ಪೈಪುಗಳನ್ನು ಕಣದ ಮೇಲೆ ಉದ್ದಕ್ಕೆ ಮಲಗಿಸಿ, ಎರಡು ತುದಿಗಳಲ್ಲಿ 3 ಮೀ. ಅಡ್ಡ ಪೈಪುಗಳಿಂದ ಜೋಡಿಸಿ. ಎತ್ತಿನ ಗಾಡಿಯ ಕಮಾನಿನಂತೆ ಬಾಗಿಸಿದ 7 ಪೈಪುಗಳನ್ನು ಮೀಟರಿಗೊಂದರಂತೆ ಬೋಲ್ಟು, ಕ್ಲಾಂಪುಗಳಿಂದ ಬಿಗಿಯಿರಿ. ನೆತ್ತಿಗೆ ಒಂದು ಪೈಪು, ಮೂಲೆಗಳಿಗೆ ಓರೆ ಆಸರೆ ಕೊಡಿ. ಹಾಳೆ ಉಜ್ಜುವ ಕಡೆಗಳಲ್ಲಿ ಹಳೆಯ ಬಟ್ಟೆ ಸುತ್ತಿ. ಬಿಸಿಲು ತಡೆಯುವ 200 ಮೈಕ್ರಾನ್ (800 ಗೇಜ್) ಹಾಳೆ ಸೂಕ್ತ.

ಎಷ್ಟು ಭಾರ ಬೇಕು?

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 54 ಕಿ.ಮೀ. ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 14 ಕಿ.ಗ್ರಾಂ. ಇದೇ ಒತ್ತಡ 18 ಚ.ಮೀ. ಚಪ್ಪರವನ್ನು ಮೇಲಕ್ಕೆತ್ತಿದರೆ ಸುಮಾರು 250 ಕಿ.ಗ್ರಾಂ. ಎಳೆತವಾಗುತ್ತದೆ. ಆದ್ದರಿಂದ ಕಮಾನುಗಳ 14 ಬುಡಗಳಿಗೂ 40 ಕಿ.ಗ್ರಾಂ. ತೂಕದ ಒಂದೊಂದು ಮರಳು ಚೀಲ ಬೇಕು. ಒಟ್ಟು 560 ಕಿ.ಗ್ರಾಂ. ಆಯಿತು, ಎಳೆತದ ಎರಡು ಪಟ್ಟಿಗಿಂತ ಹೆಚ್ಚು.

ಚೀಲವನ್ನು ಪಕ್ಕದಲ್ಲಿ ಇಟ್ಟರೆ ಸಾಲದು. ಅದು ಚೌಕಟ್ಟು ಸರಿಯುವುದನ್ನು ತಡೆದೀತೇ ಹೊರತು ಏಳುವುದನ್ನು ತಡೆಯದು. ತಳದ ಪೈಪಿನ ಮೇಲೇ ಚೀಲವಿಟ್ಟು ಹಗ್ಗದಿಂದ ಪೈಪಿಗೆ ಬಿಗಿಯಾಗಿ ಕಟ್ಟಬೇಕು. ಮಣ್ಣು ತುಂಬಬೇಡಿ, ಮಳೆಗೆ ಕರಗಿ ಕಾಫಿಯನ್ನು ಕೊಳೆ ಮಾಡುತ್ತದೆ. ಹಾಳೆಯ ಅಂಚನ್ನು ಮರದ ರೀಪಿಗೆ ಸುತ್ತಿ ತಳದ ಪೈಪಿಗೆ ಕಟ್ಟಿ, ಕಮಾನುಗಳ ನಡುವೆ ಮೇಲಿನಿಂದ ಹಗ್ಗ ಹಾಯಿಸಿ. ಪಟಪಟ ಬಡಿಯುವ ಹಾಳೆ ಬೇಗ ಹರಿಯುತ್ತದೆ.

ನೀರು ಮತ್ತು ಗಾಳಿ

ಚಪ್ಪರದ ಉದ್ದ ಕಣದ ಇಳಿಜಾರಿನ ದಿಕ್ಕಿಗೇ ಇರಲಿ. ಮೇಲಿನ ತುದಿಯಲ್ಲಿ ಹಾಳೆ ಹೊದಿಸಿದ ಚೀಲಗಳ ಸಾಲಿಟ್ಟು, ಹರಿದುಬರುವ ನೀರನ್ನು ಎರಡು ಬದಿಗೆ ತಿರುಗಿಸಿ.

ಒಳಗೆ ಶಾಖ ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ತೇವಾಂಶ ಹೊರಹೋಗದಿದ್ದರೆ ಅದು ಹಾಳೆಗೆ ಹನಿಗಟ್ಟಿ ಕಾಫಿಯ ಮೇಲೆಯೇ ಉದುರುತ್ತದೆ. ಹಗಲು ಎರಡು ತುದಿಗಳನ್ನೂ ತೆರೆದಿಡಿ. ರಾತ್ರಿ ಮತ್ತು ಮಳೆಯಲ್ಲಿ ಮುಚ್ಚಿದರೂ ನೆತ್ತಿಯ ಬಳಿ ಒಂದು ಗೇಣು ಸಂದು ಬಿಡಿ. ಒಳಗೊಂದು ಉಷ್ಣಮಾಪಕ ತೂಗುಹಾಕಿ, 40 ಡಿಗ್ರಿ ಸೆಲ್ಸಿಯಸ್ ಮೀರದಂತೆ ನೋಡಿಕೊಳ್ಳಿ. ಪಾರ್ಚ್‌ಮೆಂಟನ್ನು 4-5 ಸೆಂ.ಮೀ. ದಪ್ಪಕ್ಕೆ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ. ತೇವಾಂಶ ಶೇಕಡಾ 10ಕ್ಕೆ ಇಳಿದ ಮೇಲೆ ಚೀಲಕ್ಕೆ ತುಂಬಿ.

ಮುಂಗಾರಿನ ಬಿರುಗಾಳಿಗೆ ಈ ಚಪ್ಪರ ತಕ್ಕುದಲ್ಲ. ಮೇ ತಿಂಗಳೊಳಗೆ ಚೀಲ ಬಿಚ್ಚಿ, ಹಾಳೆಯನ್ನು ತೊಳೆದು ಒಣಗಿಸಿ, ಇಲಿ ಮುಟ್ಟದ ಕತ್ತಲೆಯ ಜಾಗದಲ್ಲಿ ಸುತ್ತಿಡಿ. ಕಣ ಒಂದು ಗೀರೂ ಇಲ್ಲದೆ ಉಳಿಯುತ್ತದೆ. ಚಪ್ಪರ ಮುಂದಿನ ಕುಯ್ಲಿಗೆ ಸಿದ್ಧವಾಗಿರುತ್ತದೆ.