ಪತ್ತನಾಜೆ ಕಳೆದ ಮೇಲೆ ಯಾರು ಯಾವ ಮೇಳಕ್ಕೆ?

ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಸಾಮಾನ್ಯವಾಗಿ ಮೇ 24ರ ಆಸುಪಾಸಿಗೆ ಬರುವ ಈ ದಿನ ತುಳುನಾಡಿನ ದೇವಸ್ಥಾನಗಳಲ್ಲಿ ಆ ವರ್ಷದ ಉತ್ಸವಗಳು ಮುಗಿಯುತ್ತವೆ. ದೀಪಾವಳಿಯ ಬಳಿಕ ಹೊರಟ ಯಕ್ಷಗಾನ ಮೇಳಗಳು ಊರು ಸೇರುತ್ತವೆ. ವೇಷಧಾರಿಗಳು ಗೆಜ್ಜೆ ಬಿಚ್ಚುತ್ತಾರೆ. ಆಟ ಮುಗಿಯಿತು, ಆದರೆ ಆಟದ ಮಾತು ಮುಗಿಯುವುದಿಲ್ಲ. ಪುತ್ತೂರು ತಾಲೂಕಿನ ಕೆದಂಬಾಡಿ, ತಿಂಗಳಾಡಿ, ಕುಂಬ್ರದಂತಹ ಊರುಗಳಲ್ಲಿ ಮಳೆ ಹಿಡಿದು ತೋಟದ ಕೆಲಸ ನಿಂತ ಹೊತ್ತಿನಲ್ಲಿ ಹೋಟೆಲಿನ ಬೆಂಚಿನ ಮೇಲೆ ಒಂದು ಚರ್ಚೆ ತಪ್ಪದೆ ಏಳುತ್ತದೆ: ಮುಂದಿನ ತಿರುಗಾಟಕ್ಕೆ ಯಾರು ಯಾವ ಮೇಳಕ್ಕೆ?

“ಆ ಭಾಗವತರು ಬಿಟ್ಟು ಹೋದರೆ ಮೇಳದಲ್ಲಿ ಉಳಿಯುವುದೇನು ಮಾರಾಯ್ರೆ?” ಎಂದು ಒಬ್ಬರು. “ಹೋಗಲಿ ಬಿಡಿ, ಹಾಸ್ಯಗಾರರು ಇದ್ದಾರಲ್ಲ” ಎಂದು ಇನ್ನೊಬ್ಬರು. “ಎರಡನೇ ವೇಷಕ್ಕೆ ಜನವಿಲ್ಲದೆ ಇಬ್ಬರು ಪುಂಡುವೇಷದವರನ್ನು ಕಟ್ಟಿಕೊಂಡು ಏನು ಮಾಡುವುದು?” ಎಂದು ಮೂರನೆಯವರು. ಇವರಲ್ಲಿ ಯಾರೂ ಮೇಳದ ಯಜಮಾನರಲ್ಲ, ಕಲಾವಿದರೂ ಅಲ್ಲ. ಆದರೂ ಅವರ ಮಾತಿನಲ್ಲಿ ಮೇಳ ಅವರದೇ ಮನೆಯ ಸೊತ್ತು.

ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವುದನ್ನು ನಮ್ಮ ಜನ ಟಿ.ವಿ.ಯಲ್ಲಿ ಕಂಡದ್ದು 2008ರಲ್ಲಿ ಐಪಿಎಲ್ ಕ್ರಿಕೆಟ್ ಬಂದ ಮೇಲೆ. 2014ರಲ್ಲಿ ಪ್ರೊ ಕಬಡ್ಡಿ ಬಂತು. ಪುತ್ತೂರಿನವರೇ ಆದ ಪ್ರಶಾಂತ್ ಕುಮಾರ್ ರೈ ಅವರು ಯು.ಪಿ. ಯೋಧಾ, ಹರಿಯಾಣ ಸ್ಟೀಲರ್ಸ್ ತಂಡಗಳಿಗೆ ಆಡಿದ್ದನ್ನು ಊರಿನವರು ಹೆಮ್ಮೆಯಿಂದ ನೋಡಿದರು. ಸೋಲುವ ತಂಡ ಯಾರನ್ನು ಬಿಡಬೇಕು, ಯಾರನ್ನು ತರಬೇಕು ಎಂದು ಅಭಿಮಾನಿಗಳು ಜಗಳವಾಡುವುದೂ ಈಗ ಮಾಮೂಲು. ಆದರೆ ಈ ಸೀಮೆಗೆ ಈ ಬಗೆಯ ಜಗಳ ಹೊಸತಲ್ಲ. ಮೇಳಗಳ ವಿಷಯದಲ್ಲಿ ಅದು ತಲೆಮಾರುಗಳಿಂದ ನಡೆದುಬಂದಿದೆ.

ಒಂದು ತಿರುಗಾಟದ ಕರಾರು

ಮೇಳದ ವರ್ಷಕ್ಕೆ ‘ತಿರುಗಾಟ’ ಎಂದು ಹೆಸರು. ದೀಪಾವಳಿಯಿಂದ ಪತ್ತನಾಜೆಯವರೆಗೆ ಸುಮಾರು ಆರು ತಿಂಗಳು. ಕಲಾವಿದ ಮೇಳಕ್ಕೆ ಸೇರುವುದು ಸಾಮಾನ್ಯವಾಗಿ ಒಂದು ತಿರುಗಾಟದ ಲೆಕ್ಕದಲ್ಲಿ. ಮಾತುಕತೆ ನಡೆಯುವುದು ಮಳೆಗಾಲದಲ್ಲಿ. ಆ ತಿಂಗಳುಗಳಲ್ಲಿ ಕಲಾವಿದನಿಗೆ ಸಂಪಾದನೆ ಕಡಿಮೆ. ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗಬೇಕು, ತಾಳಮದ್ದಳೆಗಳಲ್ಲಿ ಅರ್ಥ ಹೇಳಬೇಕು, ಇಲ್ಲವೇ ಕೃಷಿ ನೋಡಿಕೊಳ್ಳಬೇಕು. ಯಜಮಾನರು ಕೊಡುವ ಮುಂಗಡ ಹಣಕ್ಕೆ ಈ ಹೊತ್ತಿನಲ್ಲಿ ಬೆಲೆ ಹೆಚ್ಚು. ಮುಂಗಡ ತೆಗೆದುಕೊಂಡವನು ಮಾತಿಗೆ ಕಟ್ಟುಬಿದ್ದ. ಇನ್ನೊಂದು ಮೇಳದವರು ಕರೆದರೆ ಹಳೆಯ ಮುಂಗಡ ತೀರಿಸಿಯೇ ಹೋಗಬೇಕು. ಹೀಗಾಗಿ ‘ಇಂಥವರು ಮೇಳ ಬದಲಿಸಿದರು’ ಎಂಬ ಸುದ್ದಿಯ ಹಿಂದೆ ಕಲೆಯ ಲೆಕ್ಕದ ಜೊತೆ ಸಾಲದ ಲೆಕ್ಕವೂ ಇರುತ್ತದೆ. ಹೋಟೆಲಿನ ಚರ್ಚೆಯಲ್ಲಿ ಮೊದಲನೆಯದು ಬರುತ್ತದೆ. ಎರಡನೆಯದು ಅಷ್ಟಾಗಿ ಬರುವುದಿಲ್ಲ.

ಒಂದು ಮೇಳದ ಪಟ್ಟಿ

ಅಭಿಮಾನಿಗಳ ವಾದ ಅರ್ಥವಾಗಬೇಕಾದರೆ ಮೇಳದ ರಚನೆ ತಿಳಿದಿರಬೇಕು. ಹಿಮ್ಮೇಳದಲ್ಲಿ ಭಾಗವತರು, ಚೆಂಡೆ ಮತ್ತು ಮದ್ದಳೆಯವರು. ಮುಮ್ಮೇಳದಲ್ಲಿ ಎರಡನೇ ವೇಷ, ಪೀಠಿಕೆ ವೇಷ, ಇದಿರು ವೇಷ, ಪುಂಡುವೇಷ, ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ. ಮುಖ್ಯ ವೇಷಧಾರಿಯನ್ನೂ ‘ಎರಡನೇ ವೇಷ’ ಎಂದೇ ಕರೆಯುವುದೇಕೆ ಎಂದು ಕೇಳಿದರೆ ಹಿರಿಯರು ಕೊಡುವ ಉತ್ತರ, ‘ಭಾಗವತರೇ ಒಂದನೇ ವೇಷ’ ಎಂಬುದು. ಆಟವನ್ನು ನಡೆಸುವವರು ಅವರು. ಯಾವ ಪದ್ಯವನ್ನು ಎಷ್ಟು ಎಳೆಯಬೇಕು, ಯಾವ ಮಾತನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದು ಅವರ ಕೈಯಲ್ಲಿದೆ. ಇವರೆಲ್ಲರ ಜೊತೆಗೆ ರಾತ್ರಿಯ ಮೊದಲ ಭಾಗದ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲರಾಗಿ ಕುಣಿಯುವ ಕಲಿಕೆಯ ಹುಡುಗರು, ಚೌಕಿಯವರು, ರಂಗಸ್ಥಳ ಕಟ್ಟುವವರು. ಒಟ್ಟಿನಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯ ಸಂಸಾರ.

ಈ ಸಂಸಾರದಲ್ಲಿ ಒಂದು ಜಾಗ ಖಾಲಿಯಾದರೆ ಅದರ ಪೆಟ್ಟು ಇನ್ನೊಂದು ಜಾಗಕ್ಕೆ. ಒಳ್ಳೆಯ ಪುಂಡುವೇಷದವನ ಕುಣಿತ ಏರಬೇಕಾದರೆ ಚೆಂಡೆಯವರ ಹೊಂದಾಣಿಕೆ ಬೇಕು. ಮಾತುಗಾರಿಕೆಯಲ್ಲಿ ಗಟ್ಟಿಯಾದ ಕೃಷ್ಣನಿಗೆ ಅಷ್ಟೇ ಗಟ್ಟಿಯಾದ ಕೌರವ ಎದುರಿಗೆ ಇರಬೇಕು. ದುಡ್ಡು ಸುರಿದು ಒಬ್ಬ ಹೆಸರುವಾಸಿಯನ್ನು ತಂದು, ಅದೇ ಖರ್ಚಿಗೆಂದು ಇಬ್ಬರು ಮಧ್ಯಮ ವರ್ಗದ ಕಲಾವಿದರನ್ನು ಬಿಟ್ಟರೆ ಮೇಳ ಗೆದ್ದಂತೆ ಕಂಡರೂ ಸೋಲುತ್ತದೆ.

ಇದಕ್ಕೆ ಎದುರಾಗಿ, ಎಲ್ಲ ಜಾಗಕ್ಕೂ ಸಲ್ಲುವ ಕಲಾವಿದ ಸಿಕ್ಕಿದರೆ ಮೇಳದ ಭಾಗ್ಯ. ಸೂರಿಕುಮೇರು ಕೆ. ಗೋವಿಂದ ಭಟ್ಟರು ಸ್ತ್ರೀವೇಷದಿಂದ ಬಣ್ಣದ ವೇಷದವರೆಗೆ ಯಾವುದನ್ನೂ ಮಾಡಬಲ್ಲವರೆಂದು ಪ್ರಸಿದ್ಧರು. ಅವರು ಸುಮಾರು 5 ದಶಕ ಧರ್ಮಸ್ಥಳ ಮೇಳದಲ್ಲೇ ಇದ್ದರು. ಅದೇ ಮೇಳ ಉತ್ತರ ಕನ್ನಡದ ಕಡತೋಕ ಮಂಜುನಾಥ ಭಾಗವತರನ್ನು ತನ್ನ ಪ್ರಧಾನ ಭಾಗವತರನ್ನಾಗಿ ಮಾಡಿಕೊಂಡಿತ್ತು. ತೆಂಕುತಿಟ್ಟಿನ ಮೇಳಕ್ಕೆ ಬಡಗಿನ ಕಡೆಯ ಭಾಗವತರೇ ಎಂದು ಹುಬ್ಬೇರಿಸಬಹುದಾದ ಆಯ್ಕೆ ಅದು. ಆದರೆ ದಶಕಗಳ ಕಾಲ ಆ ಹಾಡುಗಾರಿಕೆಯ ಎದುರು ನಮ್ಮ ಪುತ್ತೂರು ನಾರಾಯಣ ಹೆಗ್ಡೆ, ಪುತ್ತೂರು ಶ್ರೀಧರ ಭಂಡಾರಿ ಅವರಂತಹವರು ಕುಣಿದರು. ಪಟ್ಟಿ ನೋಡಿ ತೀರ್ಪು ಹೇಳುವುದು ಬೇರೆ, ರಂಗಸ್ಥಳದಲ್ಲಿ ಅದು ಹೊಂದಿಕೊಳ್ಳುವುದು ಬೇರೆ.

ಜೋಡಾಟದ ಗೆಲುವು, ಸೋಲು

ಯಕ್ಷಗಾನದಲ್ಲಿ ಸೋಲು, ಗೆಲುವು ಎಂದರೇನು ಎಂದು ಹೊರಗಿನವರು ಕೇಳಬಹುದು. ಜೋಡಾಟ ನೋಡಿದವರು ಹಾಗೆ ಕೇಳುವುದಿಲ್ಲ. ಒಂದೇ ಬಯಲಿನಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಹೊತ್ತಿಗೆ ಒಂದೇ ಪ್ರಸಂಗ. ಇಲ್ಲಿ ಅಭಿಮನ್ಯು ಬಂದರೆ ಅಲ್ಲಿಯೂ ಅಭಿಮನ್ಯು. ಜನ ಯಾವ ಕಡೆಗೆ ಸರಿದರು ಎಂಬುದೇ ತೀರ್ಪು. ಮರುದಿನದಿಂದ ತಿಂಗಳುಗಟ್ಟಲೆ ವಾದ. ಜೋಡಾಟದಲ್ಲಿ ಹಿಂದೆ ಬಿದ್ದ ವೇಷಧಾರಿಯ ಬೆಲೆ ಮುಂದಿನ ತಿರುಗಾಟಕ್ಕೆ ಇಳಿಯುವುದೂ, ಮಿಂಚಿದ ಹುಡುಗನಿಗೆ ಎರಡು ಮೇಳದಿಂದ ಕರೆ ಬರುವುದೂ ಸಹಜವಾಗಿತ್ತು. ಅಭಿಮಾನಿಗಳ ಅಭಿಪ್ರಾಯ ಕಲಾವಿದನ ಸಂಬಳವನ್ನು ಮುಟ್ಟುತ್ತಿದ್ದುದು ಹೀಗೆ.

ಡೇರೆಯ ಕಾಲ

ಆ ಅಭಿಪ್ರಾಯಕ್ಕೆ ಅತಿ ಹೆಚ್ಚು ಬಲ ಇದ್ದದ್ದು ಡೇರೆ ಮೇಳಗಳ ಕಾಲದಲ್ಲಿ. ಬಯಲಾಟ ನೋಡಲು ಹಣ ಕೊಡಬೇಕಾಗಿಲ್ಲ. ಖರ್ಚು ಹರಕೆ ಹೊತ್ತವರದು. 1950ರ ದಶಕದಿಂದೀಚೆಗೆ ಟಿಕೇಟು ಇಟ್ಟು ಡೇರೆಯೊಳಗೆ ಆಟ ಆಡಿಸುವ ಮೇಳಗಳು ಬೆಳೆದವು. ಕಲ್ಲಾಡಿ ವಿಠಲ ಶೆಟ್ಟರ ಕರ್ನಾಟಕ ಮೇಳ, ಕಸ್ತೂರಿ ಪೈ ಸಹೋದರರ ಸುರತ್ಕಲ್ ಮೇಳ ಇವುಗಳಲ್ಲಿ ಮುಖ್ಯ. ಸುರತ್ಕಲ್ ಮೇಳದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಮಾತು, ಅಗರಿ ರಘುರಾಮ ಭಾಗವತರ ಹಾಡು. ಕರ್ನಾಟಕ ಮೇಳದಲ್ಲಿ ದಾಮೋದರ ಮಂಡೆಚ್ಚರ ಭಾಗವತಿಕೆ; ಅಳಿಕೆ ರಾಮಯ್ಯ ರೈ, ಬೋಳಾರ ನಾರಾಯಣ ಶೆಟ್ಟಿ ಅವರ ವೇಷಗಳು; ಮಿಜಾರು ಅಣ್ಣಪ್ಪನವರ ಹಾಸ್ಯ. ಇವರ ಹೆಸರಿಗೇ ಜನ ಮೈಲುಗಟ್ಟಲೆ ನಡೆದು ಬಂದು ಟಿಕೇಟು ಕೊಳ್ಳುತ್ತಿದ್ದರು.

ಟಿಕೇಟು ಕೊಂಡವನಿಗೆ ಹಕ್ಕು ಬಂತು. ಗಲ್ಲಾಪೆಟ್ಟಿಗೆ ಬರಿದಾದರೆ ಯಜಮಾನ ಮರುವರ್ಷ ಪಟ್ಟಿ ಬದಲಿಸಲೇಬೇಕು. ಕರ್ನಾಟಕ ಮೇಳ ತುಳು ಪ್ರಸಂಗಗಳತ್ತ ಹೊರಳಿದಾಗ ಆಯ್ಕೆಯ ಅಳತೆಗೋಲೇ ಬದಲಾಯಿತು. ತುಳುವಿನಲ್ಲಿ ಸರಾಗವಾಗಿ ಅರ್ಥ ಹೇಳುವವನು ಮುಂದೆ ಬಂದ. ಪುರಾಣದ ಕನ್ನಡದಲ್ಲಿ ಪಳಗಿದವನು ಇನ್ನೊಂದು ಮೇಳ ಹುಡುಕಿದ. ಪುತ್ತೂರು ತಾಲೂಕಿನ ಪಡುಮಲೆಯಲ್ಲಿ ಹುಟ್ಟಿದ ಕೋಟಿ-ಚೆನ್ನಯರ ಕತೆ ತಮ್ಮದೇ ಭಾಷೆಯಲ್ಲಿ ರಂಗಕ್ಕೆ ಬಂದುದನ್ನು ಕಂಡು ಸಂತೋಷಪಟ್ಟವರು ಸಾವಿರಾರು. ‘ಇದು ಯಕ್ಷಗಾನವಲ್ಲ, ನಾಟಕ’ ಎಂದು ಎದ್ದುಹೋದವರೂ ಇದ್ದರು. ಬಹುಕಾಲ ಪುತ್ತೂರಿನಲ್ಲೇ ನೆಲೆಸಿದ್ದ, ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರಿಗೂ ವ್ಯಾಪಾರಕ್ಕಾಗಿ ಕಲೆ ರೂಪ ಬದಲಿಸುವುದು ಹಿಡಿಸಿರಲಿಲ್ಲ.

ಬಡಗಿನ ಕಡೆ ನೋಡಿದರೆ ಸಾಲಿಗ್ರಾಮ ಮೇಳದ ಕಾಳಿಂಗ ನಾವಡರ ಉದಾಹರಣೆ ಇದೆ. ವೇಷಧಾರಿಗಿಂತ ಭಾಗವತರ ಹೆಸರಿಗೆ ಟಿಕೇಟು ಮಾರಾಟವಾಗಬಲ್ಲದು ಎಂಬುದನ್ನು ತೋರಿಸಿದವರು ಅವರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 32 ತುಂಬಿರಲಿಲ್ಲ. ಒಬ್ಬನ ಕಂಠವನ್ನು ನಂಬಿದ ಮೇಳ ಎಷ್ಟು ಎತ್ತರಕ್ಕೆ ಏರಬಹುದು, ಎಂಥ ಖಾಲಿತನವನ್ನು ಎದುರಿಸಬೇಕಾಗಬಹುದು ಎಂಬ ಎರಡೂ ಪಾಠ ಅದರಲ್ಲಿದೆ.

ಸೊರಗಿದ ಮೇಳ ಮಾಡಿದ್ದೇನು?

ದೂರದರ್ಶನ, ವಿಡಿಯೊ ಮನೆಗೆ ಬಂದ ಮೇಲೆ ಡೇರೆಗೆ ಜನ ಕಡಿಮೆಯಾದರು. ಆಗ ಯಜಮಾನರ ಮುಂದಿದ್ದ ದಾರಿ ಎರಡು. ಒಂದು, ಹೆಚ್ಚು ಹಣ ಕೊಟ್ಟು ಹೆಸರುವಾಸಿಗಳನ್ನು ತರುವುದು. ಇನ್ನೊಂದು, ಇದ್ದವರನ್ನೇ ಉಳಿಸಿಕೊಂಡು ಖರ್ಚು ಇಳಿಸುವುದು. ಅಭಿಮಾನಿಗಳು ಬಯಸುತ್ತಿದ್ದದ್ದು ಮೊದಲನೆಯದನ್ನು. ಆದರೆ ಹೆಸರುವಾಸಿಯ ಸಂಬಳ ಆರು ತಿಂಗಳೂ ಕೊಡಬೇಕು. ಡೇರೆ ತುಂಬುವುದು ಕೆಲವು ರಾತ್ರಿ ಮಾತ್ರ. ಲಾರಿ, ಡೇರೆ, ದೀಪ, ಊಟದ ಖರ್ಚು ಜನ ಬಂದರೂ ಒಂದೇ, ಬಾರದಿದ್ದರೂ ಒಂದೇ. ನಷ್ಟ ಬಂದಾಗ ಕತ್ತರಿ ಬೀಳುವುದು ಕೆಳಗಿನ ವೇಷಗಳಿಗೆ. ಕೆಳಗಿನವರು ಹೋದ ಮೇಲೆ ಆಟ ಬಡವಾಗುತ್ತದೆ, ಜನ ಇನ್ನೂ ಕಡಿಮೆಯಾಗುತ್ತಾರೆ. ಕಾಲಕ್ರಮದಲ್ಲಿ ಕರ್ನಾಟಕ, ಸುರತ್ಕಲ್, ಕದ್ರಿ ಮೇಳಗಳು ನಿಂತುಹೋದವು. ಹೆಸರಿದ್ದವರು ಬೇರೆ ಮೇಳ ಸೇರಿದರು. ಕಷ್ಟವಾದದ್ದು ಉಳಿದವರಿಗೆ.

ಹರಕೆಯ ಮೇಳ, ಹೊಸ ಬಗೆಯ ಅಭಿಮಾನಿ

ಇಂದು ತೆಂಕಿನಲ್ಲಿ ಗಟ್ಟಿಯಾಗಿ ನಿಂತಿರುವುದು ಕಟೀಲು, ಧರ್ಮಸ್ಥಳದಂತಹ ಕ್ಷೇತ್ರಗಳ ಮೇಳಗಳು. ಕಟೀಲಿನ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯಬೇಕು. ಇಲ್ಲಿ ಜನ ಬಂದರೆಷ್ಟು, ಬಿಟ್ಟರೆಷ್ಟು ಎಂಬುದು ಮೇಳದ ಉಳಿವಿನ ಪ್ರಶ್ನೆಯೇ ಅಲ್ಲ. ಹಾಗಾದರೆ ಅಭಿಮಾನಿಯ ಮಾತಿಗೆ ಬೆಲೆ ಹೋಯಿತೇ? ಹೋಗಲಿಲ್ಲ, ದಾರಿ ಬದಲಿಸಿತು. ‘ನಮ್ಮ ಹರಕೆ ಆಟಕ್ಕೆ ಇಂಥ ಭಾಗವತರೇ ಬೇಕು’ ಎಂದು ಸೇವಾಕರ್ತರು ಬಯಸುತ್ತಾರೆ. ಒಂದು ಕ್ಷೇತ್ರಕ್ಕೆ ಹಲವು ಮೇಳಗಳಿರುವಲ್ಲಿ ಯಾರನ್ನು ಎಷ್ಟನೇ ಮೇಳಕ್ಕೆ ಹಾಕಬೇಕು ಎಂಬುದೂ ಊರ ಚರ್ಚೆಯಾಗುತ್ತದೆ.

ಈ ಚರ್ಚೆ ಎಷ್ಟು ಬಿಸಿಯೇರಬಹುದು ಎಂಬುದು 2019ರ ನವೆಂಬರಿನಲ್ಲಿ ಕಂಡಿತು. ಕಟೀಲು ಮೇಳಗಳ ತಿರುಗಾಟದ ಆರಂಭದಲ್ಲೇ ಭಾಗವತ ಪಟ್ಲ ಸತೀಶ್ ಶೆಟ್ಟಿ ಅವರನ್ನು ರಂಗಸ್ಥಳದಿಂದ ಇಳಿಸಿದ್ದು ಜಿಲ್ಲೆಯಿಡೀ ಸುದ್ದಿಯಾಯಿತು. ಮೇಳದ ಶಿಸ್ತು ದೊಡ್ಡದು ಎಂದವರು ಒಂದು ಕಡೆ, ಕಲಾವಿದನ ಮಾನ ದೊಡ್ಡದು ಎಂದವರು ಇನ್ನೊಂದು ಕಡೆ. ಮರುವರ್ಷ, 2020ರಲ್ಲಿ, ಪಾವಂಜೆಯಲ್ಲಿ ಹೊಸ ಮೇಳ ಹೊರಟಿತು. ಪಟ್ಲ ಅವರು ಅದರ ಪ್ರಧಾನ ಭಾಗವತರಾದರು. ಒಬ್ಬ ಭಾಗವತರ ಹಿಂದೆ ಅಭಿಮಾನಿಗಳು ಒಂದು ಮೇಳದಿಂದ ಇನ್ನೊಂದಕ್ಕೆ ನಡೆದುಹೋಗಬಲ್ಲರು ಎಂಬುದು ಎಲ್ಲರ ಕಣ್ಣಿಗೂ ಬಿತ್ತು.

ಯಾರ ಮಾತು ಸರಿ?

ಹೋಟೆಲಿನ ಬೆಂಚಿನ ಮೇಲಿನ ವಾದಗಳನ್ನು ಒಟ್ಟು ಮಾಡಿದರೆ ಮೂರು ಪಕ್ಷ. ತಾರೆ ಇಲ್ಲದೆ ಮೇಳವಿಲ್ಲ ಎಂಬುದು ಮೊದಲನೆಯದು. ಹಳಬರನ್ನು ಬಿಡಬಾರದು, ನಿಷ್ಠೆಗೆ ಬೆಲೆ ಬೇಕು ಎಂಬುದು ಎರಡನೆಯದು. ಹೊಸ ಹುಡುಗರಿಗೆ ಅವಕಾಶ ಕೊಡಿ ಎಂಬುದು ಮೂರನೆಯದು. ಮೊದಲನೆಯ ಪಕ್ಷದವರು ಒಂದು ರಾತ್ರಿಯ ಸಂತೋಷವನ್ನು ನೋಡುತ್ತಾರೆ, ಅದು ತಪ್ಪಲ್ಲ. ಆಟಕ್ಕೆ ಬರುವುದೇ ಅದಕ್ಕಾಗಿ. ಎರಡನೆಯವರು ಹೇಳುವುದು ನ್ಯಾಯ. ಆದರೆ ಕಾಲು ಸೋತ ಮೇಲೂ ಪುಂಡುವೇಷ ಕಟ್ಟಬೇಕಾದ ಕಷ್ಟ ಕಲಾವಿದನಿಗೇ ಗೊತ್ತು. ಮೂರನೆಯವರ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ, ಆದರೆ ಆ ಹುಡುಗರು ಕುಣಿಯುವ ಹೊತ್ತಿಗೆ ಬಯಲಿನಲ್ಲಿ ಕೂತಿರುವವರು ಕೆಲವೇ ಮಂದಿ. ಹೆಸರಿನ ವೇಷ ಬರುವ ಹೊತ್ತು ನೋಡಿಕೊಂಡು ಮನೆಯಿಂದ ಹೊರಡುವವರೇ ಹೆಚ್ಚು.

ಈಗ ಆಟ ಕಾಲಮಿತಿಗೆ ಇಳಿಯುತ್ತಿದೆ. ಧರ್ಮಸ್ಥಳ ಮೇಳ ಆ ದಾರಿ ಹಿಡಿದು ವರ್ಷಗಳೇ ಆದವು. ರಾತ್ರಿಯಿಡೀ ನಿದ್ದೆಗೆಡುವ ಕಷ್ಟ ತಪ್ಪಿತು, ಹೆಂಗಸರು, ಮಕ್ಕಳು ಆಟಕ್ಕೆ ಬರುವುದು ಸುಲಭವಾಯಿತು. ಆದರೆ ಸಮಯ ಕಡಿಮೆಯಾದಾಗ ಮೊದಲು ಮೊಟಕಾಗುವುದು ಪೂರ್ವರಂಗ. ಕೋಡಂಗಿಯಿಂದ ಎರಡನೇ ವೇಷದವರೆಗೆ ಹುಡುಗರು ಹತ್ತಿಬರುತ್ತಿದ್ದ ಏಣಿಯ ಕೆಳಗಿನ ಮೆಟ್ಟಿಲುಗಳು ಅವು. ಮುಂದಿನ 20 ವರ್ಷದ ಭಾಗವತ, ವೇಷಧಾರಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ‘ಈ ಸಲ ಯಾರು ಯಾವ ಮೇಳಕ್ಕೆ’ ಎಂಬ ಪ್ರಶ್ನೆಗಿಂತ ದೊಡ್ಡದು.

ದೀಪಾವಳಿ ಹತ್ತಿರವಾದಂತೆ ಮೇಳಗಳ ಕರಪತ್ರ ಕೈಗೆ ಬರುತ್ತದೆ. ಭಾಗವತರು, ಚೆಂಡೆ, ಮದ್ದಳೆ, ಹಾಸ್ಯ, ಸ್ತ್ರೀಪಾತ್ರ, ಮುಮ್ಮೇಳ ಎಂದು ಸಾಲು ಸಾಲು ಹೆಸರು. ಅಭಿಮಾನಿ ಮೇಲಿನ ಎರಡು ಸಾಲು ಓದಿ ತೀರ್ಪು ಕೊಟ್ಟುಬಿಡುತ್ತಾನೆ. ಈ ಸಲ ಕೊನೆಯ ಸಾಲನ್ನೂ ಓದಬಹುದು. ಆಟದ ದಿನ ಒಂದು ಗಂಟೆ ಮುಂಚೆ ಹೊರಟು ಆ ಹೆಸರಿನ ಹುಡುಗ ಹೇಗೆ ಕುಣಿಯುತ್ತಾನೆ ಎಂದು ನೋಡಬಹುದು. ಮೇಳ ಕಟ್ಟುವುದರಲ್ಲಿ ಅಭಿಮಾನಿಯ ಕೈಯಲ್ಲಿರುವ ಕೆಲಸ ಅದು.