ತಂತ್ರಾಂಶದೊಳಗಿನ ಅಪರಿಚಿತ ಬಿಡಿಭಾಗ

ಬ್ಯಾಂಕಿನಲ್ಲಿ ನಮ್ಮ ಖಾತೆಯ ಶಿಲ್ಕನ್ನು ತೋರಿಸುವ ತಂತ್ರಾಂಶವನ್ನು ಸಾಮಾನ್ಯವಾಗಿ ಒಂದೇ ಸಂಸ್ಥೆ ಮೊದಲಿನಿಂದ ಕೊನೆಯವರೆಗೆ ಬರೆದಿರುವುದಿಲ್ಲ. ದತ್ತಸಂಚಯವನ್ನು ಒರಾಕಲ್‌ನಂತಹ ಕಂಪನಿಯಿಂದ ಹಣ ಕೊಟ್ಟು ಪಡೆದಿರಬಹುದು. ಅದನ್ನು ಬಳಸುವ ಜಾವಾ ಕ್ರಮವಿಧಿ ಟಾಮ್‌ಕ್ಯಾಟ್ ಎಂಬ ಮುಕ್ತ ಸರ್ವರ್‌ನಲ್ಲಿ ನಡೆಯುತ್ತಿರಬಹುದು. ಇವನ್ನು ಬೆಸೆಯುವುದೇನೂ ಕಷ್ಟವಲ್ಲ. 1997ರಲ್ಲಿ ಜಾವಾದೊಡನೆ ಸೇರಿದ ಜೆಡಿಬಿಸಿ ಎಂಬ ಸಂಪರ್ಕ ವಿಧಾನವನ್ನು ಅನುಸರಿಸಿದರೆ, ಮಾರಾಟದ ದತ್ತಸಂಚಯವೂ ಉಚಿತ ದತ್ತಸಂಚಯವೂ ಒಂದೇ ಬಗೆಯಲ್ಲಿ ಜೋಡಣೆಗೊಳ್ಳುತ್ತವೆ.

ಹಾಗಾದರೆ ತೊಂದರೆ ಎಲ್ಲಿ? ಪರವಾನಗಿಯಲ್ಲಿ ಎಂದು ಹಲವರು ಹೇಳುತ್ತಾರೆ. ಜಿಪಿಎಲ್ ಪರವಾನಗಿಯ ಭಾಗವನ್ನು ಬೆಸೆದ ತಂತ್ರಾಂಶವನ್ನು ಹಂಚಿದರೆ ಅದರ ಮೂಲ ಸಂಕೇತವನ್ನೂ ಕೊಡಬೇಕು. ಅಪಾಚೆ ಪರವಾನಗಿಯಲ್ಲಿ ಆ ಕಟ್ಟುಪಾಡಿಲ್ಲ. ಇದನ್ನು ವಕೀಲರು ನೋಡಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ ಬೇರೆ: ಒಳಗೆ ಏನೇನಿದೆ ಎಂಬುದು ಕೊಂಡವರಿಗೆ ಗೊತ್ತಿದೆಯೇ? (ಉಪಕರಣದೊಳಗಿನ ರೋಧಕ ಎಷ್ಟು ಓಮ್ ಎಂದು ತಿಳಿಯದೆ ಅದರ ಅಳತೆಯನ್ನು ಭೌತಶಾಸ್ತ್ರದವರು ನಂಬುವುದಿಲ್ಲ.)

ಜಾವಾ ಕ್ರಮವಿಧಿಯು ತಾನು ಮಾಡಿದ್ದನ್ನು ದಿನಚರಿಯಂತೆ ಬರೆದಿಡಲು ಲಾಗ್‌ಫೋರ್‌ಜೆ ಎಂಬ ಮುಕ್ತ ಭಾಗವಿದೆ. ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿ ಕೆಲವೇ ಸ್ವಯಂಸೇವಕರು ಇದನ್ನು ನೋಡಿಕೊಳ್ಳುತ್ತಿದ್ದರು. ದಾಖಲಿಸಬೇಕಾದ ಪಠ್ಯದಲ್ಲಿ ಕೆಲವು ವಿಶೇಷ ಗುರುತುಗಳ ನಡುವೆ ಒಂದು ವಿಳಾಸವಿದ್ದರೆ, ಅದು ಪಠ್ಯವನ್ನು ಸುಮ್ಮನೆ ಬರೆದುಕೊಳ್ಳುವ ಬದಲು ಆ ವಿಳಾಸವನ್ನೇ ಸಂಪರ್ಕಿಸುತ್ತಿತ್ತು. ಅಲ್ಲಿಂದ ಬಂದ ಕ್ರಮವಿಧಿಯನ್ನು ನಡೆಸಲೂ ದಾರಿಯಿತ್ತು. ಅಂದರೆ, ಬಳಕೆದಾರನ ಹೆಸರು ಬರೆಯುವ ಜಾಗದಲ್ಲಿ ಅಂಥ ಒಂದೇ ಸಾಲು ಬರೆದವನು ಸರ್ವರನ್ನು ವಶಪಡಿಸಿಕೊಳ್ಳಬಹುದಿತ್ತು! 2021ರ ಡಿಸೆಂಬರ್‌ನಲ್ಲಿ ಈ ದೋಷ ಬಯಲಾದಾಗ ಅದಕ್ಕೆ ನೀಡಿದ ತೀವ್ರತೆಯ ಅಂಕ 10ಕ್ಕೆ 10. ವಿಎಂವೇರ್, ಸಿಸ್ಕೊ ಮುಂತಾದ ಕಂಪನಿಗಳ ದುಬಾರಿ ಉತ್ಪನ್ನಗಳಲ್ಲೂ ಈ ಭಾಗ ಸೇರಿತ್ತು.

ಸ್ವಯಂಸೇವಕರು ಕೂಡಲೇ 2.15.0 ಆವೃತ್ತಿಯನ್ನು ಹೊರತಂದರು. ಅದು ಸಾಲದೆ ಅದೇ ತಿಂಗಳಲ್ಲಿ 2.16.0, 2.17.0 ಬಂದವು. ತಾವೇ ಜೋಡಿಸಿಕೊಂಡಿದ್ದವರು ಹಳೆಯದನ್ನು ತೆಗೆದು ಹೊಸದನ್ನು ಹಾಕಿದರು. ಕೊಂಡ ಉತ್ಪನ್ನದೊಳಗೆ ಅದು ಹುದುಗಿದ್ದವರು ಮಾತ್ರ, ದುರಸ್ತಿ ಎದುರಿಗೇ ಇದ್ದರೂ, ಮಾರಾಟಗಾರರ ಪರಿಷ್ಕರಣೆಗಾಗಿ ಕಾಯಬೇಕಾಯಿತು. ತಮ್ಮಲ್ಲಿ ಆ ಭಾಗ ಇದೆಯೇ ಇಲ್ಲವೇ ಎಂದು ಹುಡುಕುವುದರಲ್ಲೇ ಅನೇಕ ಕಚೇರಿಗಳ ಸಮಯ ಕಳೆಯಿತು. ತಂತ್ರಾಂಶದೊಡನೆ ಘಟಕಗಳ ಪಟ್ಟಿಯನ್ನೂ ಕೊಡಬೇಕೆಂಬ ವಿಷಯವನ್ನು 2021ರ ಮೇ ತಿಂಗಳಲ್ಲೇ ಅಮೆರಿಕದ ಅಧ್ಯಕ್ಷರ ಆದೇಶವೊಂದು ಎತ್ತಿತ್ತು. ಔಷಧದ ಪೊಟ್ಟಣದ ಮೇಲೆ ಇರುತ್ತದಲ್ಲ, ಅಂಥದೇ ಪಟ್ಟಿ.

ಜಾವಾ ಕಲಿಯುವ ವಿದ್ಯಾರ್ಥಿಗಳು ಇದನ್ನು ಕಾಲೇಜಿನ ಗಣಕದಲ್ಲೇ ನೋಡಬಹುದು. ಮೇವನ್ ಎಂಬ ಉಚಿತ ಸಾಧನ ಬಳಸಿ ಕಟ್ಟಿದ ಕ್ರಮವಿಧಿಗೆ ‘ಡಿಪೆಂಡೆನ್ಸಿ ಟ್ರೀ’ ಆದೇಶ ಕೊಟ್ಟರೆ, ನಾವು ಸೇರಿಸಿದ ಭಾಗಗಳೂ ಅವು ತಮ್ಮೊಡನೆ ಕರೆತಂದ ಭಾಗಗಳೂ ಮರದ ಕವಲುಗಳಂತೆ ತೆರೆಯ ಮೇಲೆ ಮೂಡುತ್ತವೆ. ನೀವು ಸೇರಿಸಿದ್ದು ಎಷ್ಟು, ಬಂದಿರುವುದು ಎಷ್ಟು ಎಂದು ಎಣಿಸಿ ನೋಡಿ.